ಗಾಂಧಿನಗರದ ಬಟ್ಟೆ ಅಂಗಡಿಗಳಿಗೂ ಮುಂಚೆ ಅಲ್ಲಿ ಪೋಲೆಂಡ್ ಇತ್ತು

ಬೆಳಗಾವಿ, ನಿಪ್ಪಾಣಿ ಕಡೆಯವರಿಗೆ ಕೊಲ್ಹಾಪುರ ಅಂದ್ರೆ ಅಂಬಾಬಾಯಿ ದರ್ಶನ, ಆಮೇಲೆ ಪಕ್ಕದ ಗಾಂಧಿನಗರದಲ್ಲಿ ಹೋಲ್‌ಸೇಲ್ ರೇಟಿಗೆ ಮದುವೆ ಬಟ್ಟೆ. ಅದೇ ಜಾಗದಲ್ಲಿ 1943ರಿಂದ 1948ರವರೆಗೆ ಸುಮಾರು 5000 ಪೋಲೆಂಡ್ ಜನ ಸಂಸಾರ ಹೂಡಿಕೊಂಡಿದ್ರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಗ ಅದು ವಳಿವಡೆ ಕ್ಯಾಂಪ್.

ಇದು ಶುರುವಾಗಿದ್ದು 1939ರ ಸೆಪ್ಟೆಂಬರಲ್ಲಿ. ಪಶ್ಚಿಮದಿಂದ ಪೋಲೆಂಡಿಗೆ ಹಿಟ್ಲರ್ ನುಗ್ಗಿದ, 17ನೇ ತಾರೀಕು ಪೂರ್ವದಿಂದ ಸ್ಟಾಲಿನ್ ಸೈನ್ಯ ಬಂತು. ಪೂರ್ವದ ಭಾಗದಲ್ಲಿ ಸಿಕ್ಕವರನ್ನ ಮನೆಯಿಂದ ಎಬ್ಬಿಸಿ, ಮಕ್ಕಳುಮರಿ ಸಮೇತ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾ, ಕಜಕಸ್ತಾನಕ್ಕೆ ಸಾಗಿಸಿದ್ರು, ಹಸಿವಿಗೆ ಚಳಿಗೆ ಸತ್ತವರೆಷ್ಟೋ. 1941ರಲ್ಲಿ ಹಿಟ್ಲರ್ ರಷ್ಯಾ ಮೇಲೇ ಬಿದ್ದಾಗ ಸ್ಟಾಲಿನ್‌ಗೆ ಪೋಲೆಂಡ್ ಜೊತೆ ರಾಜಿ ಬೇಕಾಯ್ತು, ಹಂಗಾಗಿ ಇವರಿಗೆ ಬಿಡುಗಡೆ. ಬಹಳಷ್ಟು ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಸೇರಿದ್ರು, ಗಂಡಸರು ಸೈನ್ಯಕ್ಕೆ ಹೋದ್ರು, ಉಳಿದ ಹೆಂಗಸರು ಮಕ್ಕಳನ್ನ ಯಾರು ಇಟ್ಕೊಳ್ಳೋದು?

ಆಗ ಮುಂದೆ ಬಂದವರು ಗುಜರಾತ್ ಕಡೆಯ ನವಾನಗರ ಸಂಸ್ಥಾನದ ಜಾಮ್ ಸಾಹೇಬ್ (ಅಂದ್ರೆ ಮಹಾರಾಜ) ದಿಗ್ವಿಜಯಸಿಂಹಜಿ. ನಮ್ಮ ರಣಜಿ ಟ್ರೋಫಿ ಇದೆಯಲ್ಲ, ಆ ರಣಜಿತ್‌ಸಿಂಹಜಿಯವರ ಸೋದರನ ಮಗ, ಅವರ ನಂತರ ಗದ್ದುಗೆಗೆ ಬಂದವರು. 1942ರಲ್ಲಿ ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ, ಸಮುದ್ರದ ದಡದಲ್ಲಿ, ಮಕ್ಕಳಿಗೆ ಅಂತಲೇ ಕ್ಯಾಂಪ್ ಕಟ್ಟಿಸಿದ್ರು, ಹೆಚ್ಚಿನವರು ತಬ್ಬಲಿಗಳೇ. ನಮ್ಮ ಜನ ನನ್ನನ್ನ ಬಾಪು ಅಂತಾರೆ, ಇನ್ಮೇಲೆ ನಿಮಗೂ ನಾನೇ ಬಾಪು ಅಂದ್ರಂತೆ. ಅಲ್ಲಿ ಬೆಳೆದವರು ಹೇಳೋ ಒಂದು ಪ್ರಸಂಗ ನಂಗೆ ತುಂಬಾ ಇಷ್ಟ. ದಿನಾ ಪಾಲಕ್ ಬೇಯಿಸಿ ಹಾಕ್ತಿದ್ದರಿಂದ ಮಕ್ಕಳೆಲ್ಲ ಸೇರಿ ಊಟದ ಸ್ಟ್ರೈಕ್ ಮಾಡಿದ್ರಂತೆ, ಸುದ್ದಿ ಮುಟ್ಟಿದ ಮಹಾರಾಜರು ಇನ್ನು ಪಾಲಕ್ ಮಾಡಬೇಡಿ ಅಂತ ಅಡುಗೆಯವರಿಗೆ ಹೇಳಿಬಿಟ್ರಂತೆ! ದೇಶ ಕಳ್ಕೊಂಡು ಬಂದ ಮಕ್ಕಳಿಗೆ ಮತ್ತೆ ಹಟ ಮಾಡೋ ಧೈರ್ಯ ಬಂದಿತ್ತು ಅಂದ್ರೆ ಅದೇ ದೊಡ್ಡದು ಅನ್ಸುತ್ತೆ.

ವಳಿವಡೆ ಇನ್ನೂ ದೊಡ್ಡದು. ಸ್ಕೂಲು, ಚರ್ಚು, ಆಸ್ಪತ್ರೆ, ಸ್ಕೌಟ್ಸ್, ಒಂದು ಪೂರ್ತಿ ಊರೇ. 1948ಕ್ಕೆ ಎಲ್ಲರೂ ಚದುರಿದ್ರು, ಕೆಲವರು ಪೋಲೆಂಡ್‌ಗೆ, ಉಳಿದವರು ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ. ಖಾಲಿಯಾದ ಸಾಲುಮನೆಗಳಿಗೆ ದೇಶವಿಭಜನೆಯಲ್ಲಿ ಮನೆಮಠ ಬಿಟ್ಟು ಬಂದ ಸಿಂಧಿಗಳು ಬಂದ್ರು, ಇವತ್ತಿನ ಬಟ್ಟೆ ಮಾರ್ಕೆಟ್ ಅವರು ಬೆಳೆಸಿದ್ದು.

ಇಷ್ಟೆಲ್ಲ ಆಗಿದ್ರೂ ದಶಕಗಟ್ಟಲೆ ಯಾಕೆ ಸುದ್ದಿಯೇ ಇರಲಿಲ್ಲ ಅಂದ್ರೆ, ಯುದ್ಧದ ನಂತರ ಪೋಲೆಂಡಲ್ಲಿ ಮಾಸ್ಕೋ ಮಾತು ಕೇಳೋ ಕಮ್ಯುನಿಸ್ಟ್ ಸರ್ಕಾರ. ಇಂಡಿಯಾಗೆ ಯಾಕೆ ಹೋದ್ರಿ ಅಂತ ಹೇಳ್ಬೇಕಾದ್ರೆ ಸೈಬೀರಿಯಾಗೆ ಯಾರು ಕಳಿಸಿದ್ರು ಅಂತಾನೂ ಹೇಳ್ಬೇಕಲ್ಲ, ಅದಕ್ಕೇ ಬಾಯಿ ಮುಚ್ಚಿಸಿದ್ರು. ಮಕ್ಕಳಾಗಿದ್ದವರು ಮುದುಕರಾದ್ರು, ಆದ್ರೂ ಬಿಡದೆ ತಾವೇ ಸಂಘ ಕಟ್ಕೊಂಡು ನೆನಪು ಕಾಪಾಡಿದ್ರು. 1989ರಲ್ಲಿ ಆ ಆಡಳಿತ ಬಿದ್ದ ಮೇಲೇ ಎಲ್ಲ ಹೊರಗೆ ಬಂದಿದ್ದು. ಈಗ ಕೊಲ್ಹಾಪುರದ ಮಹಾವೀರ ಗಾರ್ಡನ್‌ನಲ್ಲಿ ಅವರ ಸ್ಮಾರಕ ಇದೆ, ಬಾಲಾಚಡಿ ಕ್ಯಾಂಪಿದ್ದ ಕಡೆ ಸೈನಿಕ ಶಾಲೆ ಇದೆ.

ನಿಮಗೆ ಏನು ಕೊಡೋಣ ಅಂತ ಪೋಲೆಂಡಿನವರು ಕೇಳಿದ್ದಕ್ಕೆ ಜಾಮ್ ಸಾಹೇಬರು, ಸ್ವತಂತ್ರ ಪೋಲೆಂಡಿನ ಒಂದು ಬೀದಿಗೆ ನನ್ನ ಹೆಸರಿಡಿ ಸಾಕು ಅಂದಿದ್ರಂತೆ. ಅವರು ತೀರಿಕೊಂಡಿದ್ದು 1966ರಲ್ಲಿ. ವಾರ್ಸಾದಲ್ಲಿ 'ಒಳ್ಳೇ ಮಹಾರಾಜರ ಚೌಕ' ಅಂತ ಬೋರ್ಡು ಬೀಳೋಕೆ ಅಲ್ಲಿಂದ ನಲವತ್ತು ವರ್ಷಕ್ಕೂ ಜಾಸ್ತಿ ಬೇಕಾಯ್ತು.