ಹೋಸಿನ ಮೇಲೆ ಕಟ್ಟಿದ ಸೆನ್ಸರ್ ಕೂಲೆಂಟಿನ ಬಿಸಿ ಹೇಳುವುದಿಲ್ಲ

ಮುಳ್ಳೇರಿಯ, ಬದಿಯಡ್ಕ ಕಡೆಯ ಗಾಡಿಗಳು ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಬಂದ ಮೇಲೆ ವಾಟ್ಸಾಪಿಗೆ ಗ್ರಾಫ್ ಬರುತ್ತದೆ: ಇಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಬಿಸಿಯನ್ನು ಸೆನ್ಸರಿನಿಂದ ಓದಿ ಲಾಗರ್ ಎಂಬ ಪೆಟ್ಟಿಗೆ ದಾಖಲಿಸಿದ್ದು. ಜತೆಗೊಂದು ಪ್ರಶ್ನೆ: “ಮಡಿಕೇರಿ ತಲಪುವವರೆಗೂ ಕೂಲೆಂಟ್ 70 ದಾಟಲೇ ಇಲ್ಲ, ಥರ್ಮೋಸ್ಟಾಟ್ ಹೋಗಿದೆಯಾ?” ಹೆಚ್ಚಿನ ಸಲ ಥರ್ಮೋಸ್ಟಾಟಿಗೆ, ಅಂದರೆ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟಕ್ಕೆ, ಏನೂ ಆಗಿರುವುದಿಲ್ಲ. ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ಹೋಸಿಗೆ ಸೆನ್ಸರನ್ನು ಕರಿ ಟೇಪಿನಲ್ಲಿ ಸುತ್ತಿ ಕಟ್ಟಿರುತ್ತಾರೆ.

ಸೆನ್ಸರ್ ಹೇಳುವುದು ತನ್ನ ಮೈಯ ಬಿಸಿಯನ್ನು ಮಾತ್ರ. ಅದು ದ್ರವದ ಬಿಸಿಯೂ ಆಗಬೇಕಾದರೆ ತುದಿ ದ್ರವದಲ್ಲೇ ಮುಳುಗಿರಬೇಕು, ದ್ರವ ಅದರ ಸುತ್ತ ಹರಿಯುತ್ತಿರಬೇಕು. ಒಳಗೆ ಕೂಲೆಂಟ್, ನಡುವೆ ದಪ್ಪ ರಬ್ಬರ್, ಹೊರಗೆ ಫ್ಯಾನಿನ ಗಾಳಿ: ಇದು ಅಂಗಿಯ ಮೇಲೆ ಥರ್ಮಾಮೀಟರ್ ಇಟ್ಟು ಜ್ವರ ನೋಡಿದ ಹಾಗೆ. “ಹಾಗಾದರೆ 20 ಡಿಗ್ರಿ ಕೂಡಿಸಿದರಾಯಿತಲ್ಲ?” ಎನ್ನುತ್ತಾರೆ. ಆಗುವುದಿಲ್ಲ ಮಾರಾಯ್ರೇ. ಆ ವ್ಯತ್ಯಾಸ ಒಂದೇ ಸಮ ಇರುವುದಿಲ್ಲ. ಸುಳ್ಯ ಪೇಟೆಯಲ್ಲಿ ಗಾಡಿ ನಿಂತಾಗ ಬಾನೆಟಿನ ಒಳಗಿನ ಗಾಳಿಯೇ ಕಾದಿರುತ್ತದೆ, ವ್ಯತ್ಯಾಸ ಕಡಿಮೆ. ಗಾಡಿ ಓಡುವಾಗ ಜಾಸ್ತಿ, ಜುಲೈ ಮಳೆಯಲ್ಲಿ ಇನ್ನೂ ಜಾಸ್ತಿ. ಮೇಲಾಗಿ ಹೋಸಿನ ಹೊರಮೈ ಕಾಯಲು ಸಮಯ ಬೇಕು. ತಿರುವಿನ ಏರಿನಲ್ಲಿ ಕೂಲೆಂಟ್ 105ಕ್ಕೆ ಹೋಗಿ ಇಳಿದು ಬಂದರೂ ನಿಮ್ಮ ಗ್ರಾಫ್ ನೆಟ್ಟಗೆ ಮಲಗಿರುತ್ತದೆ. ನೋಡಬೇಕಾಗಿದ್ದದ್ದು ಅದೊಂದನ್ನೇ.

ಸರಿಯಾದ ದಾರಿ ಹೋಸ್ ಅಡಾಪ್ಟರ್. ಹೋಸಿನ ಒಳವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದು ಅದೇ ಅಳತೆಯ, ಸೆನ್ಸರ್ ತಿರುಗಿಸಿ ಕೂರಿಸಲು 1/8 ಎನ್‌ಪಿಟಿ ಎಂಬ ಪೈಪ್ ಅಳತೆಯ ಸ್ಕ್ರೂ ಎಳೆಯಿರುವ ಅಲ್ಯೂಮಿನಿಯಂ ತುಂಡು ತನ್ನಿ. ಇಂಜಿನ್ ಪೂರ್ತಿ ತಣಿದ ಮೇಲೆ ಹೋಸ್ ಕತ್ತರಿಸಿ ಎರಡೂ ಬದಿಗೆ ಕ್ಲಾಂಪ್ ಹಾಕಿ, ಕೂಲೆಂಟ್ ತುಂಬಿಸಿ, ಗಾಳಿ ತೆಗೆಯಿರಿ. ವಾರಂಟಿ ಇರುವ ಗಾಡಿಯಾದರೆ ಕತ್ತರಿಸುವ ಮೊದಲು ಎರಡು ಸಲ ಯೋಚಿಸಿ. ಸೆನ್ಸರಿನ ತುದಿ ಹರಿವಿನ ನಡುವಿನವರೆಗೆ ಚಾಚಬೇಕು. ಟಿ ಆಕಾರದ ಉದ್ದದ ಕೊಳವೆ ಜೋಡಿಸಿ ಅದರ ಕೊನೆಯಲ್ಲಿ ಸೆನ್ಸರ್ ಕೂರಿಸಿದರೆ ಅಲ್ಲಿ ದ್ರವ ನಿಂತೇ ಇರುತ್ತದೆ, ಪುನಃ ಅದೇ ಕಥೆ. ಥರ್ಮೋಸ್ಟಾಟ್ ಇಂಜಿನಿನಿಂದ ಹೊರಹೋಗುವ ಬದಿಯಲ್ಲಿದ್ದರೆ, ಅದು ಸುಮಾರು 82–88ರಲ್ಲಿ ತೆರೆಯುವವರೆಗೆ ಮೇಲಿನ ಹೋಸ್ ತಣ್ಣಗೇ ಇರುವುದು ಸಹಜ.

ಸೆನ್ಸರ್ ಒಳಗಿದ್ದರೂ ಒಂದು ಅಪಾಯ ಉಳಿಯುತ್ತದೆ. ಕೂಲೆಂಟ್ ಸೋರಿ ಮಟ್ಟ ಇಳಿದರೆ ತುದಿ ಆವಿಯಲ್ಲಿ ಉಳಿದು ಇಂಜಿನ್ ಕಾಯುತ್ತಿರುವಾಗಲೇ ಅಂಕಿ ಇಳಿಯಬಹುದು. ಏರಿನಲ್ಲಿ ಕಾರಣವಿಲ್ಲದೆ ಅಂಕಿ ಬಿದ್ದರೆ ಸಮಾಧಾನಪಡಬೇಡಿ, ಗಾಡಿ ನಿಲ್ಲಿಸಿ. ರೇಡಿಯೇಟರಿನ ಕ್ಯಾಪ್ ಮಾತ್ರ ಆಗಲೇ ತೆರೆಯಬೇಡಿ.

ಇಂಜಿನ್ ಆಯಿಲಿನ ಬಿಸಿ ಅಳೆಯಲು ಆಯಿಲ್ ಫಿಲ್ಟರಿಗೂ ಇಂಜಿನಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್ ಒಳ್ಳೆಯದು. ಡ್ರೈನ್ ಬೋಲ್ಟಿನ ಸೆನ್ಸರೂ ನಡೆಯುತ್ತದೆ, ಆದರೆ ನಮ್ಮ ಒಳದಾರಿಗಳ ಮುರಕಲ್ಲು ಅದನ್ನು ಬಹಳ ದಿನ ಬಿಡುವುದಿಲ್ಲ.

ಇನ್ನು ಅಗ್ಗದ ಡಿಜಿಟಲ್ ಸೆನ್ಸರ್ ಡಿಎಸ್18ಬಿ20. ಅದರ ಮಿತಿ 125 ಡಿಗ್ರಿ, ಕೂಲೆಂಟಿಗೆ ಸಾಕು. ಆದರೆ ವಿದ್ಯುತ್ ಬಂದೊಡನೆ, ಇನ್ನೂ ಅಳೆಯುವ ಮೊದಲೇ, ಅದರಲ್ಲಿ ಕೂತಿರುವ ಅಂಕಿ 85.0. ಕೂಲೆಂಟಿಗೆ ತೀರಾ ಒಪ್ಪುವ ಅಂಕಿ, ಯಾರಿಗೂ ಅನುಮಾನ ಬರುವುದಿಲ್ಲ! ವಯರ್ ಅಲುಗಾಡಿ ಸೆನ್ಸರ್ ಪದೇಪದೇ ರೀಸೆಟ್ ಆಗುತ್ತಿದ್ದರೆ ಗ್ರಾಫಿನಲ್ಲಿ ಸರಿಯಾಗಿ 85.0 ಎಂಬ ಚುಕ್ಕೆಗಳು ಕಾಣುತ್ತವೆ, ಅವನ್ನು ಕಿತ್ತೆಸೆಯಿರಿ. ಅದರ ಅತಿ ಸೂಕ್ಷ್ಮ ಮಟ್ಟವಾದ 12 ಬಿಟ್ಟಿನಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡ್ ಬೇಕು, ಅಷ್ಟು ಕಾಯದೆ ಓದಿದರೂ ಹಳೆಯ ಅಂಕಿಯೇ ಸಿಗುತ್ತದೆ. ಡೇಟಾ ತಂತಿಗೂ ಸಪ್ಲೈಗೂ ನಡುವೆ 4.7 ಕಿಲೋ ಓಮಿನ ರೆಸಿಸ್ಟರ್ ಇರಲಿ.

ಥರ್ಮಿಸ್ಟರ್ (ಬಿಸಿಯೇರಿದಂತೆ ತಡೆ ಇಳಿಯುವ ಸೆನ್ಸರ್) ಹಾಕುವವರು ಅದರ ಜತೆಗೆ ಅಂಗಡಿಯವ ಕೊಟ್ಟ 10 ಕಿಲೋ ಓಮಿನ ರೆಸಿಸ್ಟರನ್ನೇ ಜೋಡಿಸುತ್ತಾರೆ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ, ಬೀಟಾ (ತಡೆ ಎಷ್ಟು ಬೇಗ ಇಳಿಯುತ್ತದೆಂಬ ಅಂಕಿ) 3950ರ ಥರ್ಮಿಸ್ಟರ್ 100 ಡಿಗ್ರಿಯಲ್ಲಿ ಸುಮಾರು 700 ಓಮಿಗೆ ಇಳಿದಿರುತ್ತದೆ. ಆಗ ಲಾಗರಿನ ಆರ್ಡುಯಿನೋ ಬೋರ್ಡ್ ವೋಲ್ಟೇಜ್ ಓದುವ 1024 ಮೆಟ್ಟಿಲುಗಳಲ್ಲಿ ಒಂದು ಡಿಗ್ರಿಗೆ ಎರಡು ಮೆಟ್ಟಿಲು ಕೂಡ ಸಿಗುವುದಿಲ್ಲ. 1 ಕಿಲೋ ಓಮ್ ಹಾಕಿದರೆ ಸುಮಾರು ಏಳು ಸಿಗುತ್ತವೆ. ಸೆಕೆಂಡಿಗೆ ಒಂದು ದಾಖಲೆ ಧಾರಾಳವಾಯಿತು.

ರೇಡಿಯೇಟರ್ ಫ್ಯಾನ್ ತಿರುಗಿದ ಕ್ಷಣವೇ ಅಂಕಿ ಎರಡು ಮೂರು ಡಿಗ್ರಿ ಜಿಗಿದರೆ ಅದು ಬಿಸಿಯಲ್ಲ, ಅರ್ತಿಂಗಿನ ತೊಂದರೆ. ಒಂದೇ ತಂತಿಯ ಸೆನ್ಸರ್ ಇಂಜಿನಿನ ಮೈಯನ್ನೇ ಅರ್ತ್ ಮಾಡಿಕೊಳ್ಳುತ್ತದೆ. ಫ್ಯಾನಿನ ಕರೆಂಟು ಅದೇ ದಾರಿಯಲ್ಲಿ ಹರಿದಾಗ ಹತ್ತಾರು ಮಿಲಿವೋಲ್ಟ್ ಏರುಪೇರಾಗುತ್ತದೆ. ಎರಡು ತಂತಿಯದ್ದೇ ಕೊಳ್ಳಿ, ಎರಡನ್ನೂ ಲಾಗರಿನವರೆಗೆ ಎಳೆಯಿರಿ. ಕಡಲ ಉಪ್ಪುಗಾಳಿಗೆ ಬರಿಯ ಕನೆಕ್ಟರ್ ಬೇಗ ಹಸಿರಾಗುತ್ತದೆ, ಒಳಗೆ ಅಂಟು ಇರುವ, ಬಿಸಿ ತಾಗಿದರೆ ಕುಗ್ಗಿ ಹಿಡಿಯುವ ಹೀಟ್‌ಶ್ರಿಂಕ್ ಹಾಕಿ.

ಜೋಡಿಸುವ ಮೊದಲು ಪರೀಕ್ಷೆ: ಪುಡಿ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ 0, ಕುದಿಯುವ ನೀರಿನಲ್ಲಿ 100. ಕುದಿಸುವುದು ಕಾಸರಗೋಡಿನಲ್ಲೇ ಆಗಲಿ. ಮಡಿಕೇರಿ ಎತ್ತರದಲ್ಲಿರುವ ಕಾರಣ ಅಲ್ಲಿಯ ನಂಟರ ಮನೆಯಲ್ಲಿ ನೀರು ಕುದಿಯುವುದು ಸುಮಾರು 96ಕ್ಕೆ. ಅಲ್ಲಿ ಕುದಿಸಿ 100 ಎಂದು ಬರೆದುಕೊಂಡರೆ ಲಾಗರ್ ಆಮೇಲೆ ನಾಲ್ಕು ಡಿಗ್ರಿ ಹೆಚ್ಚೇ ತೋರಿಸುತ್ತಿರುತ್ತದೆ.