ಚಳಿಗಾಲಕ್ಕೆ ಕಾರು ನಿಲ್ಲಿಸಿದ್ದೀರಾ? ವಾರವಾರ ಸ್ಟಾರ್ಟ್ ಮಾಡಬೇಡಿ

ಹಿಮ ಬೀಳುವ ಕಡೆ ಕೆಲವರು ಚಳಿಗಾಲ ಬಂತೆಂದರೆ ಕಾರನ್ನು ಮೂರು ನಾಲ್ಕು ತಿಂಗಳು ಶೆಡ್ಡಿಗೆ ಸೇರಿಸಿಬಿಡುತ್ತಾರೆ. ರಸ್ತೆ ಜಾರುತ್ತದೆ, ಹಿಮ ಕರಗಲಿ ಅಂತ ಮೇಲೆ ಉಪ್ಪು ಬೇರೆ ಸುರಿದಿರುತ್ತಾರೆ, ಯಾಕೆ ಬೇಕು ತಾಪತ್ರಯ ಅಂತ. ಅವರ ಕಿವಿಗೆ ಬೀಳುವ ಮೊದಲ ಸಲಹೆ ಇದು: "ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ. ಬ್ಯಾಟರಿ ಕೂರಲ್ಲ."

ಹೇಳುವವರ ಮನಸ್ಸು ಒಳ್ಳೆಯದೇ. ಸಲಹೆ ಮಾತ್ರ ಕೆಟ್ಟದ್ದು.

ನಾನೂ ಒಂದು ಚಳಿಗಾಲ ಪೂರ್ತಿ ಇದನ್ನೇ ಮಾಡಿದೆ, ಪ್ರತಿ ಭಾನುವಾರ, ವ್ರತ ಹಿಡಿದವನ ಹಾಗೆ. ಚಳಿ ಮುಗಿದ ಮೇಲೆ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ. ಒಳಮೈಗೆ ಬೆಣ್ಣೆ ಬಳಿದ ಹಾಗೆ ಹಳದಿ ಬಣ್ಣದ ಲೋಳೆ. ಬೆರಳಲ್ಲಿ ಉಜ್ಜಿದರೆ ನೊರೆ ನೊರೆ. ಆಯಿಲ್ ಜೊತೆ ನೀರು ಸೇರಿ ಕಡೆದುಕೊಂಡಾಗ ಹೀಗಾಗುತ್ತದೆ.

ಮುಚ್ಚಿದ ಎಂಜಿನ್ನಿಗೆ ನೀರು ಎಲ್ಲಿಂದ ಬಂತು? ಪೆಟ್ರೋಲಿನಿಂದಲೇ! ಪೆಟ್ರೋಲಿನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ. ಉರಿಯುವಾಗ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಕೂಡಿ ನೀರಾಗುತ್ತದೆ. ಲೆಕ್ಕ ಹಾಕಿದರೆ 1 ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ 1 ಲೀಟರ್ ನೀರು. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಐದೇ ನಿಮಿಷ ಓಡಿಸಿದರೆ ಆಯಿಲೂ ತಣ್ಣಗೆ, ಸೈಲೆನ್ಸರೂ ತಣ್ಣಗೆ. ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾಗಿ ಅಲ್ಲೇ ಕೂರುತ್ತದೆ. ಸೈಲೆನ್ಸರಿಗೆ ಒಳಗಿನಿಂದ ತುಕ್ಕು ಶುರು. ಜೊತೆಗೆ, ತಣ್ಣನೆಯ ಎಂಜಿನ್ ಪೆಟ್ರೋಲನ್ನು ಜಾಸ್ತಿ ಕುಡಿಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ.

ಹೋಗ್ಲಿ, ಬ್ಯಾಟರಿಯಾದರೂ ಚಾರ್ಜ್ ಆಗುತ್ತಲ್ವಾ? ಸಾಲದಷ್ಟು. ಬೀಗ ಹಾಕಿ ನಿಲ್ಲಿಸಿದ ಕಾರೂ ಅಲಾರಂ, ಗಡಿಯಾರ, ಕಂಪ್ಯೂಟರ್ ಅಂತ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. 30 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ವಾರಕ್ಕೆ 168 ಗಂಟೆ, ಅಂದರೆ 5 ಆಂಪ್-ಅವರ್ ಖಾಲಿ (1 ಆಂಪ್ ಕರೆಂಟ್ ಒಂದು ಗಂಟೆ ಹರಿದರೆ 1 ಆಂಪ್-ಅವರ್). ಚಳಿ ಹಿಡಿದ ಬ್ಯಾಟರಿಗೆ ಐದು ನಿಮಿಷ 15 ಆಂಪ್ ಹೋಯಿತು ಅಂದುಕೊಂಡರೂ ವಾಪಸ್ ಬಂದದ್ದು 1.25 ಆಂಪ್-ಅವರ್. ಐದು ಕೊಡ ಸೋರಿದ ತೊಟ್ಟಿಗೆ ಒಂದು ಕಾಲು ಕೊಡ ಸುರಿದ ಹಾಗೆ. ಬ್ಯಾಟರಿ ಮೆಲ್ಲಮೆಲ್ಲಗೆ ಖಾಲಿಯಾಗುತ್ತಲೇ ಇರುತ್ತದೆ.

ಖಾಲಿಯಾದರೆ ಆಮೇಲೆ ಚಾರ್ಜ್ ಮಾಡಿದರಾಯ್ತು ಅನ್ನುವ ಹಾಗೂ ಇಲ್ಲ. ಅದಕ್ಕೆ ಒಳಗಿನ ಕಥೆ ನೋಡಬೇಕು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಅದು. ಆಗ ಪೆಟ್ರೋಲ್ ಕಾರೇ ಇರಲಿಲ್ಲ! ಕಾರು ಬಂದ ಮೇಲೂ ಬಹಳ ಕಾಲ ಎಂಜಿನ್ ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಕಾರು ಬ್ಯಾಟರಿಗೆ ಗಂಟುಬಿತ್ತು. ಇವತ್ತಿನ 12 ವೋಲ್ಟ್ ಬ್ಯಾಟರಿಯಲ್ಲೂ ಪ್ಲಾಂಟೆಯ ಸೀಸ ಮತ್ತು ಆಸಿಡ್ಡೇ ಇರುವುದು.

ಬ್ಯಾಟರಿ ಕರೆಂಟ್ ಕೊಡುವಾಗ ಆಸಿಡ್‌ನಲ್ಲಿದ್ದ ಸಲ್ಫೇಟ್ ಹೋಗಿ ಸೀಸದ ಪ್ಲೇಟುಗಳಿಗೆ ಅಂಟುತ್ತದೆ. ಮೊದಲು ಅದು ನುಣ್ಣನೆಯ ಹಿಟ್ಟಿನಂಥ ಪುಟಾಣಿ ಹರಳು. ಆಗಲೇ ಚಾರ್ಜ್ ಮಾಡಿದರೆ ಕರಗಿ ವಾಪಸ್ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಳು ಬೆಳೆಯುತ್ತವೆ. ಹೊಸ ಸಲ್ಫೇಟ್ ಬಾರದಿದ್ದರೂ ಬೆಳೆಯುತ್ತವೆ, ಮಜಾ ಇರುವುದು ಇಲ್ಲೇ. ಚಿಕ್ಕ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗಿದ ಹಾಗೆ ಅನ್ನಬಹುದು, ಆದರೆ ನುಂಗುವವರು ಯಾರೂ ಇಲ್ಲ. ಚಳಿಯಲ್ಲಿ ಒತ್ತಿಕೊಂಡು ನಿಂತ ಜನರ ಗುಂಪುಗಳನ್ನು ನೆನೆಸಿಕೊಳ್ಳಿ. ನಾಲ್ಕು ಜನರ ಗುಂಪಿನಲ್ಲಿ ಎಲ್ಲರೂ ಅಂಚಿನವರೇ, ಎಲ್ಲರಿಗೂ ಗಾಳಿ ಹೊಡೆಯುತ್ತದೆ. ನಾನೂರು ಜನರ ಗುಂಪಿನಲ್ಲಿ ಮುಕ್ಕಾಲು ಪಾಲು ಜನ ಬೆಚ್ಚಗೆ ಒಳಗಿರುತ್ತಾರೆ. ಒಬ್ಬೊಬ್ಬರೇ ಚಿಕ್ಕ ಗುಂಪು ಬಿಟ್ಟು ದೊಡ್ಡದಕ್ಕೆ ಸೇರುತ್ತಾರೆ. ಹರಳಿನ ಅಂಚಿನ ಕಣಗಳೂ ಹೀಗೇ, ಹಿಡಿತ ಸಡಿಲವಾಗಿ ಬೇಗ ಕಳಚಿಕೊಳ್ಳುತ್ತವೆ. ಬಹಳ ದಿನ ಫ್ರೀಜರಿನಲ್ಲಿ ಉಳಿದ ಐಸ್‌ಕ್ರೀಮ್ ಬಾಯಿಗೆ ಮರಳು ಮರಳಾಗಿ ಸಿಗುತ್ತಲ್ವಾ? ಅದಕ್ಕೂ ಇದೇ ಕಾರಣ. 1909ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಹೆಸರಿನಿಂದ ಇದನ್ನು ಕರೆಯುತ್ತಾರೆ. ಹೀಗೆ ಬಲಿತ ಹರಳು ಚಾರ್ಜರ್ ಹಾಕಿದರೂ ಸುಲಭವಾಗಿ ಕರಗುವುದಿಲ್ಲ. ಪ್ಲೇಟಿನ ಅಷ್ಟು ಜಾಗ ಸತ್ತ ಹಾಗೆ.

ಇನ್ನೊಂದು ಏಟೂ ಇದೆ. ಸಲ್ಫೇಟ್ ಹೋದ ಮೇಲೆ ಆಸಿಡ್ ನೀರು ನೀರಾಗುತ್ತದೆ. ತುಂಬಿದ ಬ್ಯಾಟರಿಯ ಆಸಿಡ್ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿ ಬ್ಯಾಟರಿಯದ್ದು ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆಯಾಗಿ ಡಬ್ಬಿಯನ್ನೇ ಸೀಳಬಹುದು.

ಹಾಗಾಗಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಕಳಚಿಡಿ. 12.6 ವೋಲ್ಟ್ ತೋರಿಸಬೇಕು, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ಬಿಚ್ಚುವಾಗ ಮೊದಲು ನೆಗೆಟಿವ್. ಕಾರಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿರುತ್ತದೆ. ಅದು ಇನ್ನೂ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯನ್ನು ಬೆಚ್ಚಗಿನ ಕೋಣೆಗೆ ತರುವ ಅಗತ್ಯವೂ ಇಲ್ಲ. ತಣ್ಣಗಿದ್ದಷ್ಟೂ ಅದು ತನ್ನಷ್ಟಕ್ಕೆ ಸೋರುವುದು ಕಡಿಮೆ.

"ಸಿಮೆಂಟ್ ನೆಲದ ಮೇಲೆ ಇಡಬೇಡಿ, ನೆಲ ಚಾರ್ಜ್ ಹೀರುತ್ತೆ" ಅನ್ನುವವರು ಇನ್ನೂ ಇದ್ದಾರೆ. ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಆದರೆ ಪೂರ್ತಿ ಹುಚ್ಚುಮಾತೂ ಅಲ್ಲ. ಹಿಂದಿನ ಬ್ಯಾಟರಿಗಳ ಹೊರಡಬ್ಬಿ ಮರದ್ದು. ಒದ್ದೆ ನೆಲದ ಮೇಲಿಟ್ಟರೆ ಮರ ತೇವ ಕುಡಿದು ಉಬ್ಬಿ ತೊಂದರೆ ಆಗುತ್ತಿತ್ತು. ಈಗಿನದು ಪ್ಲಾಸ್ಟಿಕ್. ಕಾರಣ ಹೋಯಿತು, ನಂಬಿಕೆ ಉಳಿಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕಾರನ್ನು ಅಡಿಭಾಗದ ಸಮೇತ ತೊಳೆದು ಒಣಗಿಸಿ, ಉಪ್ಪು ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಆಯಿಲ್ ಈಗಲೇ ಬದಲಿಸಿ, ಹಳೆಯದರಲ್ಲಿ ಆಮ್ಲ ಸೇರಿರುತ್ತದೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಕಾಯುವ ಫ್ಯೂಯೆಲ್ ಸ್ಟೆಬಿಲೈಸರ್ ಹಾಕಿ, ಅದು ಎಂಜಿನ್‌ವರೆಗೂ ಹೋಗುವಷ್ಟು ದೂರ ಓಡಿಸಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಅಂಟಿಕೊಂಡುಬಿಡುತ್ತದೆ; ಗಾಲಿ ಉರುಳದ ಹಾಗೆ ಮರದ ತುಂಡು ಅಡ್ಡ ಕೊಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಯಾಡುವ ಕವರ್ ಬೇಕು.

ಎಂಜಿನ್ ತಂಪಾಗಿಡುವ ದ್ರವ, ಕೂಲೆಂಟ್ ಬಗ್ಗೆ ಒಂದು ಮಾತು. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತ ಕೆಲವರು ನೀರೇ ಬೆರೆಸದೆ ಸುರಿಯುತ್ತಾರೆ. ಕೂಲೆಂಟ್‌ನ ಮುಖ್ಯ ಪದಾರ್ಥವಾದ ಎಥಿಲೀನ್ ಗ್ಲೈಕಾಲ್ ಒಂದೇ ಇದ್ದರೆ ಮೈನಸ್ 13 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ಒಂದರ ಕಣ ಇನ್ನೊಂದಕ್ಕೆ ಸಾಲಾಗಿ ಕೂರಲು ಬಿಡುವುದಿಲ್ಲ, ಅಷ್ಟೇ.

ಇಲಿ ನುಗ್ಗದ ಹಾಗೆ ಸೈಲೆನ್ಸರಿನ ಬಾಯಿಗೂ ಗಾಳಿ ಹೋಗುವ ಕೊಳವೆಗೂ ಬಟ್ಟೆ ತುರುಕಿ. ತುರುಕಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿ. ಚಳಿ ಕಳೆದ ಮೇಲೆ ಚೀಟಿ ಓದಿ, ಬಟ್ಟೆ ತೆಗೆದು, ಬ್ಯಾಟರಿ ಕೂರಿಸಿ. ಈ ಸಲ ಪಾಸಿಟಿವ್ ಮೊದಲು. ಸ್ಟಾರ್ಟ್ ಮಾಡಿದ ಮೇಲೆ ಅರ್ಧ ಗಂಟೆಯಾದರೂ ಓಡಿಸಿ. ಸೈಲೆನ್ಸರಿನಿಂದ ಮೊದಲು ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಅದು ಪೆಟ್ರೋಲಿನದ್ದೇ.