ಬೋರ್ಡ್ ಸುಟ್ಟ ಫ್ರಿಜ್‌ಗೆ ನಾವೇ ಕಟ್ಟುವ ನಿಯಂತ್ರಕ

ಮುಂಗಾರಿಗೆ ಮೊದಲು ಬರುವ ಗುಡುಗು ಸಿಡಿಲಿನ ದಿನಗಳಲ್ಲಿ ಮಲೆನಾಡಿನ ಮನೆಗಳಿಂದ ನನ್ನ ಕಾರ್ಯಾಗಾರಕ್ಕೆ ಹೆಚ್ಚಾಗಿ ಬರುವುದು ಸುಟ್ಟುಹೋದ ಎಲೆಕ್ಟ್ರಾನಿಕ್ ಬೋರ್ಡುಗಳು. ತೀರ್ಥಹಳ್ಳಿ ಕಡೆಯ ಮನೆಯೊಂದರಿಂದ ಬಂದ ಎರಡು ಬಾಗಿಲಿನ, ಹಿಮವನ್ನು ತಾನಾಗಿಯೇ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರಿಜ್‌ನ ಸ್ಥಿತಿಯೂ ಹಾಗೆಯೇ ಇತ್ತು. ಕಂಪ್ರೆಸರ್ ಚೆನ್ನಾಗಿತ್ತು, ಗ್ಯಾಸ್ ಸೋರಿರಲಿಲ್ಲ, ಒಳಗಿನ ಫ್ಯಾನ್ ಸಲೀಸಾಗಿ ತಿರುಗುತ್ತಿತ್ತು; ಹಿಂಬದಿಯ ಬೋರ್ಡಿನಲ್ಲಿ ಮಾತ್ರ, ಅತಿ ವೋಲ್ಟೇಜ್ ತಡೆಯುವ ವೇರಿಸ್ಟರ್ ಎಂಬ ಬಿಡಿಭಾಗ ಸಿಡಿದು, ಪಕ್ಕದ ತಾಮ್ರದ ಗೆರೆಗಳು ಸುಟ್ಟು ಕಪ್ಪಾಗಿದ್ದವು. ಹಳೆಯ ಮಾದರಿಯಾದ್ದರಿಂದ ಬದಲಿ ಬೋರ್ಡ್ ಎಲ್ಲಿಯೂ ಸಿಗಲಿಲ್ಲ. ಇನ್ನೂ ಹತ್ತು ವರ್ಷ ಓಡಬಲ್ಲ ಯಂತ್ರವನ್ನು ಅಂಗೈಯಗಲದ ಒಂದು ಬೋರ್ಡಿಗಾಗಿ ಗುಜರಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಇಂಥ ಫ್ರಿಜ್‌ಗೆ ನಿಯಂತ್ರಕವನ್ನು ನಾವೇ ಕಟ್ಟಬಹುದು.

ಆದರೆ ಎಲ್ಲ ಫ್ರಿಜ್‌ಗೂ ಇದು ಬೇಕಿಲ್ಲ. ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್‌ನಲ್ಲಿ ಕೆಟ್ಟಿರುವುದು ತಿರುಗಿಸುವ ಗುಂಡಿಯ ಥರ್ಮೋಸ್ಟಾಟ್ ಆಗಿದ್ದರೆ, ಹೊಸ ಥರ್ಮೋಸ್ಟಾಟ್ ತಂದು ಹಾಕುವುದೇ ಸರಿಯಾದ ದಾರಿ. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್‌ಗೆ ಈ ಉಪಾಯ ನಡೆಯುವುದೇ ಇಲ್ಲ. ಅಲ್ಲಿ ಬೋರ್ಡ್ ಕಂಪ್ರೆಸರ್‌ನ ವೇಗವನ್ನೇ ನಿಯಂತ್ರಿಸುತ್ತಿರುತ್ತದೆ, ಕರೆಂಟನ್ನು ಬರೀ ಕೊಡುವ, ಕಡಿಯುವ ಸ್ವಿಚ್ಚಾದ ಒಂದು ರಿಲೇಯಿಂದ ಅದನ್ನು ನಡೆಸಲಾಗದು. ಒಂದೇ ವೇಗದಲ್ಲಿ ಓಡುವ ಕಂಪ್ರೆಸರ್ ಇದ್ದು, ಬೋರ್ಡ್ ಮಾತ್ರ ಸತ್ತಿದ್ದರೆ ಕೈಹಾಕಬಹುದು, ಅದೂ 230 ವೋಲ್ಟ್ ಕರೆಂಟಿನೊಂದಿಗೆ ಕೆಲಸ ಮಾಡಿ ರೂಢಿಯಿದ್ದವರು ಮಾತ್ರ.

ಈ ಕೆಲಸಕ್ಕೆ ಇಳಿಯುವ ಹುಡುಗರು ಉಷ್ಣಾಂಶ ಅಳೆಯುವುದನ್ನೇ ದೊಡ್ಡ ಕೆಲಸವೆಂದು ಭಾವಿಸುತ್ತಾರೆ. ಫ್ರೀಜರ್ ಮೈನಸ್ 16 ಡಿಗ್ರಿಗೆ ಏರಿದಾಗ ಕಂಪ್ರೆಸರ್ ಶುರು, ಮೈನಸ್ 20ಕ್ಕೆ ಇಳಿದಾಗ ಬಂದ್ ಎಂಬುದನ್ನು, ಪ್ರೋಗ್ರಾಂ ಬರೆದು ನಡೆಸುವ ಚಿಪ್ ಆದ ಸಣ್ಣ ಮೈಕ್ರೋಕಂಟ್ರೋಲರ್‌ಗೆ ಕಲಿಸಲು ಅರ್ಧ ಗಂಟೆ ಸಾಕು. ಉಳಿದ ಶ್ರಮವೆಲ್ಲ ಇರುವುದು ಯಾವಾಗ ಕಂಪ್ರೆಸರ್ ಶುರು ಮಾಡಬಾರದು, ಯಾವಾಗ ಹಿಮ ಕರಗಿಸುವ ಹೀಟರ್ ಹಚ್ಚಬಾರದು, ನಿಯಂತ್ರಕವೇ ಕೆಟ್ಟರೆ ಫ್ರಿಜ್ ಏನಾಗಬೇಕು ಎಂಬುದನ್ನು ನಿಶ್ಚಯಿಸುವುದರಲ್ಲಿ.

ಕಂಪ್ರೆಸರ್ ನಿಂತ ಕೂಡಲೇ ಅದರ ಒಂದು ಬದಿಯಲ್ಲಿ ಗ್ಯಾಸ್‌ನ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುತ್ತದೆ. ಕೂದಲೆಳೆಯಂಥ ಕ್ಯಾಪಿಲರಿ ಕೊಳವೆಯ ಮೂಲಕ ಎರಡೂ ಸಮವಾಗಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಮತ್ತೆ ಕರೆಂಟ್ ಕೊಟ್ಟರೆ ಮೋಟಾರ್ ತಿರುಗಲಾರದೆ ಗುಂಯ್‌ಗುಡುತ್ತದೆ, ಸುರುಳಿ ಕಾಯುತ್ತದೆ, ಓವರ್‌ಲೋಡ್ ಸ್ವಿಚ್ ಟಿಕ್ ಎಂದು ಕಡಿದುಕೊಳ್ಳುತ್ತದೆ. ಮೋಟಾರ್ ಶುರು ಮಾಡಿಕೊಡುವ ಪಿಟಿಸಿ ರಿಲೇಯೂ ತಣ್ಣಗಾಗಲು ಸಮಯ ಬೇಡುತ್ತದೆ. ಮಳೆಗಾಲದಲ್ಲಿ ಹತ್ತು ನಿಮಿಷಕ್ಕೆ ನಾಲ್ಕು ಬಾರಿ ಕರೆಂಟ್ ಹೋಗಿ ಬರುವ ಊರುಗಳಲ್ಲಿ ಕಂಪ್ರೆಸರ್ ಸಾಯುವುದು ಹೀಗೆಯೇ. ಆದ್ದರಿಂದ ನಾನು ಬರೆಯುವ ಪ್ರೋಗ್ರಾಂನ ಮೊದಲ ಕೆಲಸವೇ ಕಾಯುವುದು: ಕರೆಂಟ್ ಬಂದು ನಿಯಂತ್ರಕಕ್ಕೆ ಜೀವ ಬಂದಾಗಲೆಲ್ಲ, ಒಳಗೆ ಎಷ್ಟೇ ಬಿಸಿಯಿರಲಿ, ಐದು ನಿಮಿಷ ಕಂಪ್ರೆಸರ್ ಮುಟ್ಟುವಂತಿಲ್ಲ.

ಸೆನ್ಸರ್‌ಗೆ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ, ತಣ್ಣಗಾದಷ್ಟೂ ವಿದ್ಯುತ್ ತಡೆ (ಓಮ್) ಏರುವ ಥರ್ಮಿಸ್ಟರ್ ಸಾಕು. ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು 33 ಕಿಲೋ ಓಮ್ ಆಗುತ್ತದೆ, ಮೈನಸ್ 20ರಲ್ಲಿ 100ರ ಆಸುಪಾಸಿಗೆ ಏರುತ್ತದೆ. ಫ್ರಿಜ್‌ನಲ್ಲಿ ಮೊದಲೇ ಇರುವ ಸೆನ್ಸರ್ ಚೆನ್ನಾಗಿದ್ದರೆ ಅದನ್ನೇ ಬಳಸಬಹುದು, ಆದರೆ ಅದರ ಓಮ್ ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಅಳೆದು ನೋಡಲೇಬೇಕು. ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಐಸ್ ಮುಳುಗುವಷ್ಟು ತಣ್ಣೀರು ಸುರಿದು, ಸೆನ್ಸರ್ ಅದ್ದಿ ಕಲಕುತ್ತ ಮಲ್ಟಿಮೀಟರ್ ನೋಡಿದರೆ ಸೊನ್ನೆ ಡಿಗ್ರಿಯ ಅಳತೆ ಸಿಗುತ್ತದೆ. ಹೊಸ ಸೆನ್ಸರ್ ಆದರೆ ಅದರ ಬೆಸುಗೆಯನ್ನು ಎಪಾಕ್ಸಿಯಲ್ಲಿ ಮುಚ್ಚಬೇಕು. ತೇವ ಒಳಸೇರಿದರೆ ಓಮ್ ಇಳಿದು, ಇಲ್ಲದ ಬಿಸಿಯನ್ನು ತೋರಿಸಿ, ಕಂಪ್ರೆಸರ್ ಹಗಲಿರುಳೂ ಓಡುತ್ತದೆ. ತಂತಿ ಒಯ್ಯಲು ಫ್ರಿಜ್‌ನ ಗೋಡೆಗೆ ಡ್ರಿಲ್ ಹಾಕಲೇಬಾರದು, ಏಕೆಂದರೆ ಫೋಮ್‌ನೊಳಗೆ ಗ್ಯಾಸ್ ಪೈಪುಗಳು ಹಾದುಹೋಗಿರುತ್ತವೆ. ಓದಿದ ಉಷ್ಣಾಂಶ ಮೈನಸ್ 40ಕ್ಕಿಂತ ಕೆಳಗೆ ಅಥವಾ 50ಕ್ಕಿಂತ ಮೇಲೆ ಹೋದರೆ ಸೆನ್ಸರ್ ಕೆಟ್ಟಿದೆ ಎಂದೇ ನಿಯಂತ್ರಕ ತಿಳಿಯಬೇಕು. ಆಗ ನನ್ನ ನಿಯಂತ್ರಕ ಕಂಪ್ರೆಸರ್ ಅನ್ನು 20 ನಿಮಿಷ ಓಡಿಸಿ 30 ನಿಮಿಷ ನಿಲ್ಲಿಸುತ್ತ, ಕೆಂಪು ದೀಪ ಮಿನುಗಿಸುತ್ತ, ರಿಪೇರಿಯಾಗುವವರೆಗೆ ಹಾಲು ಕೆಡದಂತೆ ನೋಡಿಕೊಳ್ಳುತ್ತದೆ.

ರಿಲೇಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಒಂದು ಮನೆಯವರ ಅಡುಗೆ ಸಾಮಾನು ಹಾಳಾದ ಮೇಲೆ. ಓಡುವಾಗ ಒಂದು ಆಂಪಿಯರ್‌ನಷ್ಟು ಎಳೆಯುವ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ನಾನು ಮೊದಲ ನಿಯಂತ್ರಕಕ್ಕೆ 10 ಆಂಪಿಯರ್ ಎಂದು ಬರೆದಿದ್ದ ನೀಲಿ ರಿಲೇ ಹಾಕಿದ್ದೆ. ಆ ಅಂಕಿ ಬಲ್ಬು, ಹೀಟರ್‌ಗಳಂಥ ಹೊರೆಗೆ ಸಂಬಂಧಿಸಿದ್ದು, ಮೋಟಾರಿಗಲ್ಲ. ಕೆಲವೇ ವಾರಗಳಲ್ಲಿ ಅದರ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡವು. ಪ್ರೋಗ್ರಾಂ ಬಂದ್ ಎನ್ನುತ್ತಲೇ ಇತ್ತು, ಕಂಪ್ರೆಸರ್ ಓಡುತ್ತಲೇ ಇತ್ತು. ಬೆಳಿಗ್ಗೆ ಮೊಸರು, ಸೊಪ್ಪು, ಮೊಟ್ಟೆ ಎಲ್ಲವೂ ಕಲ್ಲಾಗಿದ್ದವು. ಅಂದಿನಿಂದ ನಾನು ಕಂಪ್ರೆಸರ್‌ಗೆ 30 ಆಂಪಿಯರ್ ರಿಲೇಯನ್ನು ಹಾಕಿ, ಕಿಡಿ ಕಡಿಮೆ ಮಾಡಲು ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಸ್ನಬ್ಬರ್ ಕೂರಿಸುತ್ತೇನೆ. ಅದರ ಜೊತೆಗೆ, ತೀರಾ ತಣ್ಣಗಾದಾಗ ತಾನಾಗಿಯೇ ಕಡಿಯುವ ಹಳೆಯ ಮಾದರಿಯ ಥರ್ಮೋಸ್ಟಾಟ್ ಒಂದನ್ನು ಅದೇ ತಂತಿಯಲ್ಲಿ ಸರಣಿಯಾಗಿ ಸೇರಿಸುತ್ತೇನೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಡಿಫ್ರಾಸ್ಟ್ ಎಂಬ ಇನ್ನೊಂದು ಹೊಣೆಯಿದೆ. ಕಂಪ್ರೆಸರ್ ಹತ್ತು ಗಂಟೆಯಷ್ಟು ಓಡಿದ ಮೇಲೆ, ತಣ್ಣಗಾಗಿಸುವ ಕೊಳವೆ ಸುರುಳಿಯಾದ ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ಹೀಟರ್ ಹಚ್ಚಬೇಕು. ಆಗ ಕಂಪ್ರೆಸರ್, ಫ್ಯಾನ್ ಎರಡೂ ನಿಂತಿರಬೇಕು. ಕಾಯಿಲ್‌ಗೆ ಅಂಟಿಸಿದ ಎರಡನೆಯ ಸೆನ್ಸರ್ 10 ಡಿಗ್ರಿ ತೋರಿಸಿದಾಗ, ಅಥವಾ 25 ನಿಮಿಷ ತುಂಬಿದಾಗ, ಯಾವುದು ಮೊದಲೋ ಆಗ ಹೀಟರ್ ಆರಬೇಕು. ಆಮೇಲೆ ನೀರು ಇಳಿದುಹೋಗಲು ಐದು ನಿಮಿಷ ಬಿಟ್ಟು ಕಂಪ್ರೆಸರ್ ಶುರು ಮಾಡಿ, ಕಾಯಿಲ್ ಮತ್ತೆ ತಣ್ಣಗಾದ ಮೇಲೆಯೇ ಫ್ಯಾನ್ ಬಿಡಬೇಕು, ಇಲ್ಲವಾದರೆ ಬೆಚ್ಚನೆಯ ತೇವದ ಗಾಳಿ ಫ್ರೀಜರ್‌ಗೆ ನುಗ್ಗುತ್ತದೆ. ಹೀಟರ್ ಜೊತೆ ಸರಣಿಯಲ್ಲಿರುವ, ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಬೈಮೆಟಲ್ ಮತ್ತು ಥರ್ಮಲ್ ಫ್ಯೂಸ್‌ಗಳನ್ನು ಯಾವ ಕಾರಣಕ್ಕೂ ತೆಗೆದು ನೇರ ಜೋಡಿಸಬಾರದು. ಪ್ಲಾಸ್ಟಿಕ್ ಗೋಡೆಗಳ ನಡುವೆ ಉರಿಯುವ ಹೀಟರ್‌ಗೆ, ರಿಲೇ ಬೆಸೆದುಕೊಂಡ ದಿನ, ಉಳಿದಿರುವ ಕಡಿವಾಣ ಅವೆರಡೇ.

ನಿಯಂತ್ರಕದ ಪೆಟ್ಟಿಗೆ ಫ್ರಿಜ್‌ನ ಹೊರಗೆ, ನೆಲದಿಂದ ಎತ್ತರದಲ್ಲಿ ಇರಬೇಕು. ಈಚಿನ ಬಹುಪಾಲು ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಎಂದರೆ ಐಸೋಬ್ಯೂಟೇನ್. ಅದು ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ರಿಲೇಯ ಒಂದು ಕಿಡಿ ಸಾಕು. 5 ವೋಲ್ಟ್ ಸಪ್ಲೈ ಟ್ರಾನ್ಸ್‌ಫಾರ್ಮರ್ ಇರುವ, ಮೇನ್ಸ್‌ನಿಂದ ಪೂರ್ತಿ ಬೇರ್ಪಟ್ಟ ಬಗೆಯದ್ದೇ ಆಗಿರಬೇಕು. ಖರ್ಚು ಉಳಿಸಲು ಕೆಪಾಸಿಟರ್ ಮೂಲಕ ಮೇನ್ಸ್‌ನಿಂದ ನೇರವಾಗಿ ಇಳಿಸಿಕೊಂಡ ಸಪ್ಲೈ ಬಳಸಿದರೆ, ಫ್ರಿಜ್‌ನೊಳಗಿನ ಒದ್ದೆ ಸೆನ್ಸರ್ ತಂತಿಯಲ್ಲಿ ಶಾಕ್ ಹೊಡೆಯುವ ಕರೆಂಟ್ ಇರುತ್ತದೆ, ಹಾಲಿನ ಪಾತ್ರೆ ತೆಗೆಯಲು ಕೈ ಹಾಕುವುದು ಮನೆಯ ಮಕ್ಕಳು.

ತೀರ್ಥಹಳ್ಳಿಯ ಆ ಫ್ರಿಜ್ ಅನ್ನು ಮೂರು ದಿನ ಕಾರ್ಯಾಗಾರದಲ್ಲೇ ಇಟ್ಟುಕೊಂಡೆ. ಓಡುತ್ತಿರುವಾಗಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದೆ, ಸೆನ್ಸರ್ ತಂತಿ ಕತ್ತರಿಸಿ ನೋಡಿದೆ, ಎರಡು ತಂತಿ ಸೇರಿಸಿ ಶಾರ್ಟ್ ಮಾಡಿ ನೋಡಿದೆ, ಡಿಫ್ರಾಸ್ಟ್ ನಡುವೆ ಕರೆಂಟ್ ತೆಗೆದೂ ನೋಡಿದೆ. ಕಳಿಸುವ ದಿನ ಪೂರ್ತಿ ಸರ್ಕ್ಯೂಟ್ ಅನ್ನು, ಯಾವ ಬಣ್ಣದ ತಂತಿ ಎಲ್ಲಿಗೆ ಎಂಬ ವಿವರದೊಂದಿಗೆ, ಕಾಗದದಲ್ಲಿ ಕನ್ನಡದಲ್ಲೇ ಬರೆದು, ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಫ್ರಿಜ್‌ನ ಬೆನ್ನಿಗೆ ಅಂಟಿಸಿದೆ. ಮುಂದೆ ಅದನ್ನು ಬಿಚ್ಚುವ ಮೆಕ್ಯಾನಿಕ್ ನಾನೇ ಆಗಿರಬೇಕೆಂದಿಲ್ಲ.